ತಮ್ಮ ಮೈಯನ್ನು ತಾವೇ ಓದಿದವರು

ರೋಗದ ಮೂಲವನ್ನು ಅರಸಿ ಗೊತ್ತುಮಾಡುವ ಕಾರ್ಯಕ್ಕೆ ನಮ್ಮ ಪ್ರಾಚೀನ ವೈದ್ಯರು ‘ನಿದಾನ’ವೆಂದು ಹೆಸರಿಟ್ಟರು. ಮಾಧವಕರನ ಪ್ರಸಿದ್ಧ ಗ್ರಂಥಕ್ಕೆ ‘ಮಾಧವನಿದಾನ’ವೆಂಬ ಹೆಸರು ಬಂದದ್ದು ಈ ಅರ್ಥದಿಂದಲೇ. ಈ ಮಾತಿನ ದಕಾರವು ತುಸು ಉಸಿರು ತುಂಬಿಕೊಂಡು ಮಹಾಪ್ರಾಣವಾಯಿತೆಂದರೆ ಅದು ‘ನಿಧಾನ’ವಾಗುತ್ತದೆ, ಅರ್ಥ ಬೇರೆಯೇ ಆಗಿಬಿಡುತ್ತದೆ. ಇಂದಿನ ಬಳಕೆಯಲ್ಲಿ ನಿಧಾನವೆಂದರೆ ಸಾವಕಾಶ. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ನಿಧಾನವೆಂದರೆ ನಿಧಿ, ಹೂತಿಟ್ಟ ಹೊನ್ನು. ಉತ್ತರಪತ್ರಿಕೆಗಳಲ್ಲಿ ಇವು ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕುಳಿತುಕೊಳ್ಳುವುದನ್ನು ಕನ್ನಡ ಅಧ್ಯಾಪಕರೆಲ್ಲರೂ ಬಲ್ಲರು.

ಈ ಶಬ್ದವಿಚಾರಕ್ಕೂ ಪ್ರಸ್ತುತ ಲೇಖನದ ವಸ್ತುವಿಗೂ ಹತ್ತಿರದ ನಂಟುಂಟು. ಇಲ್ಲಿ ಹೇಳಹೊರಟಿರುವುದು ಅಪರೂಪದ ಅನುವಂಶೀಯ ರೋಗಗಳಿಗೆ ಗುರಿಯಾಗಿ, ವೈದ್ಯರಿಂದ ವೈದ್ಯರಿಗೆ ಅಲೆದು, ಕಟ್ಟಕಡೆಗೆ ತಮ್ಮ ರೋಗದ ನಿದಾನವನ್ನು ತಾವೇ ಮಾಡಿಕೊಂಡ ಕೆಲವರ ಕಥೆ. ಅವರ ಪಾಲಿಗೆ ನಿದಾನವು ಬಲು ನಿಧಾನವಾಗಿ ಒದಗಿತು. ಒದಗಿದಾಗ ಹಳಗನ್ನಡದ ಅರ್ಥದ ನಿಧಾನವೇ ಆಯಿತು. ಅವರ ಮೈಯಲ್ಲಿ ರೋಗವನ್ನು ಹುಟ್ಟಿಸಿದ್ದೂ ಇಂಥದೇ ಒಂದು ಅಕ್ಷರದ ವ್ಯತ್ಯಾಸ.

ನಮ್ಮ ದೇಹದ ಬಹುಪಾಲು ಜೀವಕೋಶಗಳ ಒಡಲಲ್ಲಿ ಡಿ.ಎನ್.ಎ. ಎಂಬ ದೀರ್ಘವಾದ ರಾಸಾಯನಿಕ ಸರಪಳಿಯಿದೆ. ಅದನ್ನು ಕಟ್ಟಿರುವ ನಾಲ್ಕು ಬಗೆಯ ಘಟಕಗಳನ್ನು ವಿಜ್ಞಾನಿಗಳು ಅಕ್ಷರಗಳೆಂದೇ ಕರೆಯುತ್ತಾರೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳು ನಮಗೆ ದಾಯವಾಗಿ ಬರುತ್ತವೆ. ಒಂದೊಂದು ಪ್ರತಿಯಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳು. ಈ ಮಹಾಗ್ರಂಥದಲ್ಲಿ ಅಲ್ಲಲ್ಲಿ, ಇಂಥ ಪ್ರೋಟೀನನ್ನು ಹೀಗೆ ಕಟ್ಟು ಎಂದು ಆದೇಶವೀಯುವ ಭಾಗಗಳಿವೆ. ಅವೇ ವಂಶವಾಹಿಗಳು, ಅವುಗಳ ಸಂಖ್ಯೆ ಸುಮಾರು ೨೦,೦೦೦.

ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಇದರ ಮುಂದಿನ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಲಿಪಿಕಾರನೊಬ್ಬ ಒಂದೆಡೆ ಕೈತಪ್ಪಿ ಒಂದಕ್ಷರಕ್ಕೆ ಇನ್ನೊಂದನ್ನು ಬರೆದನೆಂದರೆ, ಅವನ ಪ್ರತಿಯನ್ನು ನೋಡಿ ಬರೆದ ಪ್ರತಿಗಳಿಗೂ ಆ ತಪ್ಪು ಇಳಿದುಬರುತ್ತದೆ. ಹಲವು ತಪ್ಪುಗಳು ನಿರಪಾಯಕರವಾದವು. ಓದುಗನು ಅರ್ಥಮಾಡಿಕೊಂಡು ಮುಂದೆ ಸಾಗುತ್ತಾನೆ. ಕೆಲವು ಮಾತ್ರ ಪದ್ಯದ ಅನ್ವಯವನ್ನೇ ಕೆಡಿಸುತ್ತವೆ. ಯಾವ ಪ್ರತಿ ಯಾವ ಮಾತೃಕೆಯ ಸಂತಾನವೆಂಬುದನ್ನು ಪರಿಷ್ಕರ್ತರು ಗುರುತಿಸುವುದು ಹೀಗೆ ಇಳಿದುಬಂದ ತಪ್ಪುಗಳ ಜಾಡನ್ನು ಹಿಡಿದೇ. ಅನುವಂಶೀಯ ರೋಗದ ಸ್ವರೂಪವೂ ಇಂಥದೇ. ತಂದೆಯ ಪ್ರತಿಯಲ್ಲಿದ್ದ ಒಂದು ಅಕ್ಷರದೋಷ ಮಗಳ ಪ್ರತಿಗೆ ಇಳಿಯುತ್ತದೆ; ಮಗಳ ತೋಳಿನಲ್ಲಿ, ಕಾಲಿನಲ್ಲಿ, ಹೃದಯದಲ್ಲಿ ಅದರ ಪರಿಣಾಮ ಕಾಣತೊಡಗುತ್ತದೆ.

ಗ್ರಂಥಾಲಯದಲ್ಲಿ ದೊರೆತ ಕನ್ನಡಿ

ಅಮೆರಿಕದ ಅಯೋವ ಸಂಸ್ಥಾನದ ಜಿಲ್ ವೈಲ್ಸ್ ಎಂಬಾಕೆಯ ವೃತ್ತಾಂತವನ್ನು ಡೇವಿಡ್ ಎಪ್‌ಸ್ಟೈನ್ ಎಂಬ ಪತ್ರಕರ್ತರು ೨೦೧೬ರ ಜನವರಿಯಲ್ಲಿ ವಿಸ್ತಾರವಾಗಿ ಬರೆದು ಲೋಕಕ್ಕೆ ತಿಳಿಸಿದರು. ಜಿಲ್ ನಾಲ್ಕು ವರ್ಷದ ಮಗುವಾಗಿದ್ದಾಗ ನಡೆಯುತ್ತ ನಡೆಯುತ್ತಲೇ ಬೀಳತೊಡಗಿದಳು. ಮಾಟಗಾತಿಯ ಬೆರಳುಗಳು ಬಂದು ಕಾಲನ್ನು ಹಿಡಿದು ಬೀಳಿಸುತ್ತವೆಂದು ಆ ಮಗು ತಂದೆತಾಯಿಗಳಲ್ಲಿ ಹೇಳಿಕೊಂಡಿತಂತೆ. ಅವರು ಗಾಬರಿಗೊಂಡು ಮಿನೆಸೋಟದ ಹೆಸರಾಂತ ಮೇಯೊ ಕ್ಲಿನಿಕ್ಕಿಗೆ ಕರೆದೊಯ್ದರು. ಸ್ನಾಯುಗಳು ಶಿಥಿಲವಾದಾಗ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಅವುಗಳಿಂದ ಸೋರಿ ರಕ್ತಕ್ಕೆ ಸೇರುತ್ತದೆ. ಜಿಲ್‌ಳ ರಕ್ತದಲ್ಲಿ ಮಾತ್ರವಲ್ಲದೆ ಆಕೆಯ ತಂದೆಯ ಹಾಗೂ ಸಹೋದರನ ರಕ್ತದಲ್ಲಿಯೂ ಅದು ಮಿತಿಮೀರಿ ಕಂಡಿತು. ಯಾವುದೋ ಬಗೆಯ ಸ್ನಾಯುಕ್ಷಯವಿರಬೇಕೆಂದು ವೈದ್ಯರು ಊಹಿಸಿದರು. ಆದರೆ ಅವರು ಬಲ್ಲ ಯಾವ ರೋಗಲಕ್ಷಣಕ್ಕೂ ಈ ಕುಟುಂಬದ ಸ್ಥಿತಿ ಹೊಂದಿಬರಲಿಲ್ಲ. ರೋಗವಿದೆಯೆಂದು ತಿಳಿಯಿತು, ಅದರ ಹೆಸರು ತಿಳಿಯಲಿಲ್ಲ.

ಎಂಟು ವರ್ಷದ ಸುಮಾರಿಗೆ ಆಕೆಯ ಕೈಕಾಲುಗಳ ಕೊಬ್ಬು ಕರಗತೊಡಗಿತು. ನರಗಳು ಹಗ್ಗದಂತೆ ಎದ್ದು ಕಂಡವು. ಓರಗೆಯ ಮಕ್ಕಳು ಅದನ್ನು ಕಂಡು ಪ್ರಶ್ನಿಸುತ್ತಿದ್ದರು. ಹನ್ನೆರಡರ ಹೊತ್ತಿಗೆ ಸೈಕಲ್ಲಿನ ಮೇಲೆ ಕೂರುವುದೂ ಆಗದಾಯಿತು. ಕಾಲೇಜಿಗೆ ಸೇರಿದ ಮೇಲೆ ಈ ಹುಡುಗಿ ತನ್ನ ಬಿಡುವಿನ ವೇಳೆಯನ್ನೆಲ್ಲ ಗ್ರಂಥಾಲಯದಲ್ಲಿ ಕಳೆಯತೊಡಗಿದಳು. ಸ್ನಾಯುರೋಗಗಳನ್ನು ಕುರಿತ ಗ್ರಂಥಗಳು, ವೈಜ್ಞಾನಿಕ ಪತ್ರಿಕೆಗಳ ಹಳೆಯ ಸಂಪುಟಗಳು, ಕೈಗೆ ಸಿಕ್ಕಿದುದನ್ನೆಲ್ಲ ಓದಿದಳು. ಪರೀಕ್ಷೆಗಾಗಿ ಓದುವ ವಿದ್ಯಾರ್ಥಿಗಳನ್ನು ನಾವು ದಿನವೂ ಕಾಣುತ್ತೇವೆ. ತನ್ನ ಮೈಯ ಅರ್ಥಕ್ಕಾಗಿ ಹೀಗೆ ಓದಿದವರು ವಿರಳ.

ಒಂದು ದಿನ ‘ಎಮರಿ–ಡ್ರೈಫಸ್ ಸ್ನಾಯುಕ್ಷಯ’ವನ್ನು ಕುರಿತ ಪ್ರಬಂಧವೊಂದು ಆಕೆಯ ಕಣ್ಣಿಗೆ ಬಿತ್ತು. ಅಲನ್ ಎಮರಿ ಮತ್ತು ಫ್ರಿಟ್ಸ್ ಡ್ರೈಫಸ್ ಎಂಬ ವೈದ್ಯರು ೧೯೬೬ರಲ್ಲಿ ವರ್ಣಿಸಿದ ರೋಗವಿದು. ಮೊಳಕೈ ಮೊದಲಾದ ಕೀಲುಗಳು ಮಡಿಚಿದಂತೆಯೇ ಬಿಗಿದುಕೊಳ್ಳುವುದು, ತೋಳು ಕಾಲುಗಳ ಸ್ನಾಯು ಕೃಶವಾಗುವುದು, ಹೃದಯದ ಬಡಿತದ ಲಯ ಕೆಡುವುದು, ಈ ಮೂರೂ ಅದರ ಪ್ರಧಾನ ಲಕ್ಷಣಗಳು. ಪ್ರಬಂಧದ ಚಿತ್ರದಲ್ಲಿದ್ದ ರೋಗಿಯ ತೋಳು ಆಕೆಗೆ ಅಪರಿಚಿತವಾಗಿರಲಿಲ್ಲ. ಮೇಲ್ದೋಳು ಸೊರಗಿ, ಮುಂದೋಳು ಮಾತ್ರ ಮೊದಲಿನಂತೆ ಉಳಿದ ಆ ಕೈ ಆಕೆಯ ತಂದೆಯ ಕೈಯನ್ನೇ ಹೋಲುತ್ತಿತ್ತು. ತಂದೆಗೆ ಮೊಳಕೈಯನ್ನು ಪೂರ್ತಿ ಚಾಚಲು ಬರುತ್ತಿರಲಿಲ್ಲ, ಕುತ್ತಿಗೆ ಪೆಡಸಾಗಿತ್ತು. ಹೃದಯದ ಬಡಿತದಲ್ಲಿ ಏರುಪೇರಿರುವುದನ್ನು ವೈದ್ಯರು ಹಿಂದೆಯೇ ಕಂಡಿದ್ದರೂ ಅದನ್ನು ಅಷ್ಟಾಗಿ ಗಣಿಸಿರಲಿಲ್ಲ.

ಆಕೆ ತನ್ನ ಓದಿನ ಕಟ್ಟನ್ನು ನರರೋಗತಜ್ಞರೊಬ್ಬರ ಬಳಿಗೆ ಒಯ್ದಳು. ಅವರು ಆ ಕಾಗದಗಳನ್ನು ತೆರೆದು ನೋಡಲೂ ಒಪ್ಪದೆ, ಆ ರೋಗ ನಿನಗಿಲ್ಲವೆಂದು ಹೇಳಿ ಕಳುಹಿಸಿದರು. ಅವರ ಕಡೆಯಿಂದ ನೋಡಿದರೂ ಒಂದು ಕಾರಣವಿತ್ತು. ಆ ರೋಗವು ಗಂಡಸರಲ್ಲಿ ಮಾತ್ರ ಕಾಣಿಸಿಕೊಳ್ಳುವುದೆಂದು ಆಗಿನ ಪುಸ್ತಕಗಳು ಹೇಳುತ್ತಿದ್ದವು. ತಾಯಿಯಿಂದ ಗಂಡುಮಕ್ಕಳಿಗೆ ಎಕ್ಸ್ ವರ್ಣತಂತುವಿನ ಮೂಲಕ ಇಳಿಯುವ ಬಗೆಯೊಂದೇ ಚೆನ್ನಾಗಿ ಪರಿಚಿತವಾಗಿದ್ದ ಕಾಲವದು. ಅದರ ವಂಶವಾಹಿ ಪತ್ತೆಯಾದದ್ದು ೧೯೯೪ರಲ್ಲಿ.

ಮಗಳು ತಂದ ಪ್ರಬಂಧಗಳನ್ನು ತಂದೆಯೂ ಓದಿದರು. ಓದಿ, ಈ ಲಕ್ಷಣಗಳೆಲ್ಲ ನನ್ನಲ್ಲಿವೆಯಲ್ಲ ಎಂದರು. ಒಡನೆಯೇ ಹೃದ್ರೋಗತಜ್ಞರಲ್ಲಿಗೆ ಹೋದರು. ನಿಮಿಷಕ್ಕೆ ಅರವತ್ತರಿಂದ ನೂರರವರೆಗೆ ಬಡಿಯಬೇಕಾದ ಹೃದಯ ಅವರಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತಿರುವುದು ಕಂಡುಬಂತು. ತಡಮಾಡದೆ ಎದೆಯೊಳಗೆ ಪೇಸ್‌ಮೇಕರ್ ಅಳವಡಿಸಿದರು. ಆಗ ಅವರಿಗೆ ೪೫ ವರ್ಷ. ಅವರು ತೀರಿಕೊಂಡದ್ದು ೨೦೧೨ರಲ್ಲಿ, ತಮ್ಮ ೬೩ನೆಯ ವಯಸ್ಸಿನಲ್ಲಿ. ನಡುವಣ ಆ ಹದಿನೆಂಟು ವರ್ಷಗಳಿಗೆ ಮಗಳ ಓದೇ ದಾರಿಯಾಯಿತೆನ್ನುವುದು ಅತಿಶಯೋಕ್ತಿಯಲ್ಲ.

ತಂದೆಯ ಪ್ರಾಣವುಳಿದರೂ ರೋಗದ ಹೆಸರಿಗೆ ಪ್ರಮಾಣ ದೊರೆತಿರಲಿಲ್ಲ. ಇಟಲಿಯಲ್ಲಿ ಒಂದು ಸಂಶೋಧಕರ ತಂಡ ಈ ರೋಗವಿರುವ ಕುಟುಂಬಗಳನ್ನು ಅರಸುತ್ತಿದೆಯೆಂದು ತಿಳಿದು ಜಿಲ್ ಅವರಿಗೆ ಪತ್ರ ಬರೆದಳು. ತನ್ನ ಮೈಯ ಸ್ಥಿತಿ ಕಾಣುವಂತೆ ತೆಗೆಸಿಕೊಂಡ ಛಾಯಾಚಿತ್ರಗಳನ್ನು ಸಂಕೋಚ ತೊರೆದು ಲಗತ್ತಿಸಿದಳು. ಮನೆಯವರ ರಕ್ತದ ಮಾದರಿಗಳನ್ನು ಕಳುಹಿಸಿದಳು. ಉತ್ತರ ಬಂದದ್ದು ೧೯೯೯ರಲ್ಲಿ. ಒಂದನೆಯ ವರ್ಣತಂತುವಿನ ಮೇಲಿರುವ, ‘ಎಲ್.ಎಂ.ಎನ್.ಎ.’ ಎಂಬ ಸಂಕೇತನಾಮದ ವಂಶವಾಹಿಯಲ್ಲಿ ದೋಷವಿತ್ತು. ಗಂಡು ಹೆಣ್ಣೆಂಬ ಭೇದವಿಲ್ಲದೆ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ ಎಮರಿ–ಡ್ರೈಫಸ್ ಬಗೆಗೆ ಈ ವಂಶವಾಹಿಯೇ ಮೂಲವೆಂದು ಅದೇ ವರ್ಷ ಪ್ರಕಟವಾಯಿತು. ಹೆಂಗಸರಿಗೆ ಬಾರದೆಂದು ಪುಸ್ತಕದಲ್ಲಿ ಬರೆದಿದ್ದ ರೋಗ ತನಗಿದೆಯೆಂದ ಹುಡುಗಿಯ ಮಾತು ನಿಜವಾಯಿತು, ಪುಸ್ತಕವನ್ನೇ ತಿದ್ದಬೇಕಾಯಿತು.

ಒಂದು ಛಾಯಾಚಿತ್ರದ ಗುರುತು

ಜೀವಕೋಶದ ನಡುವೆ ಡಿ.ಎನ್.ಎ.ಯನ್ನು ಅಡಗಿಸಿಟ್ಟುಕೊಂಡ ಕೋಶಕೇಂದ್ರವೆಂಬ ಪುಟ್ಟ ಕೋಣೆಯುಂಟು. ಎಲ್.ಎಂ.ಎನ್.ಎ. ವಂಶವಾಹಿ ಆದೇಶವಿತ್ತು ಕಟ್ಟಿಸುವ ಲ್ಯಾಮಿನ್ ಎಂಬ ಪ್ರೋಟೀನುಗಳು ಆ ಕೋಣೆಯ ಗೋಡೆಗೆ ಒಳಗಿನಿಂದ ಆಧಾರವಾಗಿ ಬಲೆಯಂತೆ ಹೆಣೆದುಕೊಂಡಿರುತ್ತವೆ. ಗೋಡೆಗೆ ಬಲವನ್ನೀಯುವುದರ ಜೊತೆಗೆ, ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂಬುದರ ಮೇಲೂ ಅವುಗಳ ಪ್ರಭಾವವುಂಟು. ಅದರಿಂದಲೇ ಈ ಒಂದು ವಂಶವಾಹಿಯಲ್ಲಿ ಅಕ್ಷರ ಎಲ್ಲಿ ತಪ್ಪಿದೆಯೆಂಬುದನ್ನು ಅನುಸರಿಸಿ ಬೇರೆಬೇರೆ ರೋಗಗಳು ಹುಟ್ಟುತ್ತವೆ. ಒಂದೆಡೆ ತಪ್ಪಿದರೆ ಸ್ನಾಯು ಸೊರಗುತ್ತದೆ; ಇನ್ನೊಂದೆಡೆ ತಪ್ಪಿದರೆ ಕೈಕಾಲುಗಳ ಕೊಬ್ಬು ಮಾಯವಾಗುತ್ತದೆ. ಕೊಬ್ಬು ಮಾಯವಾಗುವ ಈ ಎರಡನೆಯದಕ್ಕೆ ಆಂಶಿಕ ಲಿಪೊಡಿಸ್ಟ್ರಫಿ ಎಂದು ಹೆಸರು.

ಈ ಎರಡನೆಯದೂ ತನ್ನಲ್ಲಿದೆಯೆಂದು ಜಿಲ್ ವೈದ್ಯಕೀಯ ಚಿತ್ರಗಳನ್ನು ನೋಡಿಯೇ ಗುರುತಿಸಿಕೊಂಡಿದ್ದಳು. ಎರಡು ಅಪರೂಪದ ರೋಗಗಳು ಒಬ್ಬಳನ್ನೇ ಹುಡುಕಿಕೊಂಡು ಬರುವುದುಂಟೆ ಎಂದು ತಿಳಿದವರು ಆಗ ಸಂದೇಹಪಟ್ಟರು. ೨೦೦೦ದಲ್ಲಿ ಸಂಶೋಧಕರು ಅನುವಂಶೀಯವಾದ ಆಂಶಿಕ ಲಿಪೊಡಿಸ್ಟ್ರಫಿಯ ಮೂಲವೂ ಎಲ್.ಎಂ.ಎನ್.ಎ. ವಂಶವಾಹಿಯಲ್ಲೇ ಇದೆಯೆಂದು ತೋರಿಸಿದರು. ಮೇಲುನೋಟಕ್ಕೆ ಎರಡಾಗಿದ್ದುದು ಮೂಲದಲ್ಲಿ ಒಂದೇ ಆಗಿತ್ತು.

ಮುಂದೆ ವರ್ಷಗಳು ಕಳೆದವು. ಆಕೆಗೆ ಮದುವೆಯಾಯಿತು, ಮಗನು ಹುಟ್ಟಿದನು, ಕಾಲಿನ ಬಲ ಇನ್ನಷ್ಟು ಕುಂದಿತು. ಆಗೊಮ್ಮೆ ಆಕೆಯ ಸೋದರಿ ಒಬ್ಬ ಓಟಗಾರ್ತಿಯ ಚಿತ್ರವನ್ನು ತೋರಿಸಿದಳು. ಕೆನಡದ ಪ್ರಿಸಿಲ್ಲ ಲೋಪ್ಸ್–ಶ್ಲೀಪ್ ೨೦೦೮ರ ಬೀಜಿಂಗ್ ಒಲಿಂಪಿಕ್ ಕ್ರೀಡೆಗಳಲ್ಲಿ ೧೦೦ ಮೀಟರ್ ಹರ್ಡಲ್ಸ್ ಓಟದಲ್ಲಿ ಕಂಚಿನ ಪದಕವನ್ನೂ, ೨೦೦೯ರ ಬರ್ಲಿನ್ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿಯನ್ನೂ ಗೆದ್ದವಳು. ಕೈಕಾಲುಗಳಲ್ಲಿ ಕೊಬ್ಬಿನ ಲೇಶವಿಲ್ಲ, ಸ್ನಾಯುಗಳು ಕಡೆದಿಟ್ಟಂತೆ ಕಾಣುತ್ತವೆ, ನರಗಳು ಉಬ್ಬಿವೆ. ನಿಷಿದ್ಧ ಔಷಧವನ್ನು ಸೇವಿಸಿರಬೇಕೆಂದು ಲೋಕ ಅವಳನ್ನು ಶಂಕಿಸಿತ್ತು. ನಿಲ್ಲಲೂ ಕಷ್ಟಪಡುತ್ತಿದ್ದ ಜಿಲ್‌ಗೆ ಮಾತ್ರ ಆ ಚಿತ್ರದಲ್ಲಿ ತನ್ನ ಮೈಯೇ ಕಂಡಿತು. ಕೊಬ್ಬು ಯಾವ ಯಾವ ಸ್ಥಾನದಲ್ಲಿಲ್ಲ, ನರ ಎಲ್ಲೆಲ್ಲಿ ಎದ್ದಿದೆ ಎಂಬ ವಿನ್ಯಾಸವನ್ನು ಆಕೆ ಚಿಕ್ಕಂದಿನಿಂದ ಕನ್ನಡಿಯಲ್ಲಿ ನೋಡಿದ್ದಳಷ್ಟೆ.

ಜಗತ್ತಿನ ಉತ್ತಮ ಓಟಗಾರ್ತಿಯರಲ್ಲಿ ಒಬ್ಬಳಿಗೆ, ನಿನಗೂ ನನಗೂ ಒಂದೇ ವಂಶವಾಹಿಯ ದೋಷವಿದೆಯೆಂದು ಹೇಗೆ ಬರೆಯುವುದು? ಎಪ್‌ಸ್ಟೈನರು ೨೦೧೩ರಲ್ಲಿ ಕ್ರೀಡೆ ಮತ್ತು ವಂಶವಾಹಿಗಳ ಸಂಬಂಧವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ್ದರು. ಅವರ ಮಾತನ್ನು ಎಲ್ಲಿಯೋ ಕೇಳಿದ ಜಿಲ್, ಛಾಯಾಚಿತ್ರಗಳನ್ನು ಅಂಟಿಸಿ ತನ್ನ ವಾದವನ್ನು ಕ್ರಮವಾಗಿ ಮಂಡಿಸಿದ ೧೯ ಪುಟಗಳ ಕಟ್ಟೊಂದನ್ನು ಅವರಿಗೆ ಕಳುಹಿಸಿದಳು. ಅವರು ನಡುವೆ ನಿಂತು ಇಬ್ಬರಿಗೂ ಪರಿಚಯ ಮಾಡಿಸಿದರು. ಟೊರಾಂಟೊ ನಗರದಲ್ಲಿ ಆ ಇಬ್ಬರು ಹೆಂಗಸರು ಭೇಟಿಯಾದರು. ತಮ್ಮ ತಮ್ಮ ಕೈಕಾಲುಗಳನ್ನು ಹೋಲಿಸಿ ನೋಡಿಕೊಂಡರು.

ಪ್ರಿಸಿಲ್ಲ ಪರೀಕ್ಷೆಗೆ ಒಪ್ಪಿದಳು. ಟೆಕ್ಸಸ್ ಸಂಸ್ಥಾನದ ಡಲ್ಲಾಸಿನಲ್ಲಿ ಲಿಪೊಡಿಸ್ಟ್ರಫಿಯನ್ನು ಬಹುಕಾಲದಿಂದ ಅಭ್ಯಸಿಸಿದ ಡಾಕ್ಟರ್ ಅಭಿಮನ್ಯು ಗರ್ಗ್ ಅವರು ಆ ಪರೀಕ್ಷೆಯನ್ನು ನಡೆಸಿದರು. ಜಿಲ್ ಊಹಿಸಿದ್ದು ನಿಜವಾಗಿತ್ತು. ಇಬ್ಬರಲ್ಲಿಯೂ ಅದೇ ವಂಶವಾಹಿ. ಆದರೆ ಅಕ್ಷರ ತಪ್ಪಿದ ಸ್ಥಾನ ಬೇರೆ. ಅಷ್ಟು ಅಂತರದಲ್ಲಿ ಒಬ್ಬಳ ಸ್ನಾಯು ಕ್ಷೀಣಿಸಿತು, ಇನ್ನೊಬ್ಬಳದು ಪುಷ್ಟವಾಯಿತು. ಪ್ರಿಸಿಲ್ಲಳ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶ ಇರಬೇಕಾದುದಕ್ಕಿಂತ ಮೂರುಪಟ್ಟು ಹೆಚ್ಚಾಗಿತ್ತು. ಅದು ಹಾಗೆಯೇ ಏರಿದ್ದರೆ ಮೇದೋಜೀರಕ ಗ್ರಂಥಿ ಉರಿಗೊಂಡು ಪ್ರಾಣಕ್ಕೆ ಸಂಚಕಾರ ಬರಬಹುದಿತ್ತು. ಅವಳು ಆಹಾರವನ್ನು ಬದಲಾಯಿಸಿದಳು, ಚಿಕಿತ್ಸೆ ಪಡೆದಳು. ರೋಗಿಯೊಬ್ಬಳು ತನ್ನ ರೋಗವನ್ನು ತಾನು ತಿಳಿದುಕೊಂಡದ್ದೇ ಅಲ್ಲದೆ, ಎಂದೂ ಕಾಣದ ಪರದೇಶದ ಹೆಂಗಸಿನ ರೋಗವನ್ನು ಛಾಯಾಚಿತ್ರ ನೋಡಿ ಗುರುತಿಸಿದಳು.

ಅದೇ ವಂಶವಾಹಿ, ಬೇರೆ ಮನೆಗಳು

ಇದೊಂದು ಆಕಸ್ಮಿಕವೆಂದು ಹೇಳುವವರು ಕಿಮ್ ಗುಡ್ಸೆಲ್ ಎಂಬ ಇನ್ನೊಬ್ಬ ಅಮೆರಿಕನ್ ಮಹಿಳೆಯ ವೃತ್ತಾಂತವನ್ನೂ ಗಮನಿಸಬೇಕು. ಈಕೆ ದೂರದೋಟ, ಈಜು, ಸೈಕಲ್ ಸವಾರಿಗಳಲ್ಲಿ ಪಳಗಿದ ಸಾಹಸಿ. ಮೊದಲು ಹೃದಯದ ಲಯ ಕೆಟ್ಟಿತು, ಎದೆಯೊಳಗೆ ಯಂತ್ರವನ್ನಿಡಬೇಕಾಯಿತು. ಕೆಲವು ವರ್ಷಗಳ ಮೇಲೆ ಕೈಕಾಲುಗಳ ನರಗಳು ದುರ್ಬಲವಾದವು. ಹೃದಯದ್ದು ಒಂದು ಅಪರೂಪದ ರೋಗ, ನರಗಳದ್ದು ಶಾರ್ಕೊ–ಮಾರಿ–ಟೂತ್ ಎಂಬ ಇನ್ನೊಂದು ರೋಗ, ಎರಡೂ ಕೂಡಿಬಂದದ್ದು ದುರದೃಷ್ಟವೆಂದು ವೈದ್ಯರು ಭಾವಿಸಿದರು. ಜೀವವಿಜ್ಞಾನದಲ್ಲಿ ಯಾವ ಪದವಿಯೂ ಇಲ್ಲದ ಆಕೆ ಎರಡು ರೋಗಗಳಿಗೂ ಸಂಬಂಧಪಟ್ಟ ವಂಶವಾಹಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಎರಡರಲ್ಲಿಯೂ ಬರುವ ಹೆಸರನ್ನು ಹುಡುಕಿದಳು. ಎಲ್.ಎಂ.ಎನ್.ಎ. ಎಂಬ ಹೆಸರು ದೊರೆಯಿತು. ಅದನ್ನು ಪರೀಕ್ಷಿಸಿರೆಂದು ಕೇಳಿಕೊಂಡಳು. ಪರೀಕ್ಷಿಸಿದಾಗ ದೋಷ ಅಲ್ಲಿಯೇ ಇತ್ತು. ವಿಜ್ಞಾನ ಲೇಖಕ ಎಡ್ ಯಂಗ್ ೨೦೧೪ರಲ್ಲಿ ಇದನ್ನು ಬರೆದರು.

ಇದೇ ವಂಶವಾಹಿಯ ಇನ್ನೊಂದು ತಾಣದಲ್ಲಿ ಒಂದಕ್ಷರ ಬದಲಾದರೆ ಪ್ರೊಜೀರಿಯ ಎಂಬ ರೋಗ ಬರುತ್ತದೆ. ‘ಪಾ’ ಎಂಬ ಹಿಂದಿ ಚಲನಚಿತ್ರವನ್ನು ನೋಡಿದವರಿಗೆ ಇದರ ಹೆಸರು ಪರಿಚಿತ. ಶೈಶವದಲ್ಲಿಯೇ ಮುಪ್ಪು ಆವರಿಸುವ ರೋಗ. ಲೆಸ್ಲಿ ಗಾರ್ಡನ್ ಮತ್ತು ಸ್ಕಾಟ್ ಬರ್ನ್ಸ್ ಎಂಬ ವೈದ್ಯದಂಪತಿಗಳ ಮಗ ಸ್ಯಾಮ್‌ನಿಗೆ ಈ ರೋಗವಿರುವುದು ೧೯೯೮ರಲ್ಲಿ ಗೊತ್ತಾಯಿತು. ಇಲ್ಲಿ ಹೆಸರು ಬೇಗ ತಿಳಿದರೂ ಕಾರಣ ಯಾರಿಗೂ ತಿಳಿದಿರಲಿಲ್ಲ. ಅವರು ೧೯೯೯ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಲೋಕದ ನಾನಾ ಕಡೆಗಳಲ್ಲಿ ಚದುರಿದ್ದ ರೋಗಿಗಳ ವಿವರಗಳನ್ನೂ ಜೀವಕೋಶಗಳನ್ನೂ ಕೂಡಿಸಿದರು. ೨೦೦೩ರಲ್ಲಿ ಮೂಲ ಪತ್ತೆಯಾಯಿತು. ಸ್ಯಾಮ್ ೨೦೧೪ರ ಜನವರಿಯಲ್ಲಿ, ಹದಿನೇಳು ವರ್ಷದವನಾಗಿ, ತೀರಿಕೊಂಡನು. ಆಯುಸ್ಸನ್ನು ತುಸು ಹಿಗ್ಗಿಸಬಲ್ಲ ಲೋನಾಫಾರ್ನಿಬ್ ಎಂಬ ಔಷಧಕ್ಕೆ ೨೦೨೦ರ ನವೆಂಬರಿನಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ನೀಡಿತು. ನಿದಾನದಿಂದ ಔಷಧಕ್ಕೆ ಹದಿನೇಳು ವರ್ಷಗಳ ದಾರಿ. ಯಾವ ಮಗುವಿಗಾಗಿ ಆ ದಾರಿಯನ್ನು ಹಿಡಿದರೋ ಅದು ನಡುವೆಯೇ ಕೈಬಿಟ್ಟುಹೋಯಿತು.

ಓದಿನ ಅಪಾಯ

ಇಷ್ಟನ್ನು ಓದಿದ ಮೇಲೆ, ರೋಗಿಗಳೆಲ್ಲರೂ ತಮ್ಮ ರೋಗವನ್ನು ತಾವೇ ನಿರ್ಣಯಿಸಿಕೊಳ್ಳಬಹುದೆಂದು ಯಾರಾದರೂ ತೀರ್ಮಾನಿಸಿದರೆ ಅದು ಅನರ್ಥಕ್ಕೆ ದಾರಿ. ಇಂಗ್ಲಿಷ್ ಲೇಖಕ ಜೆರೋಮ್ ಕೆ. ಜೆರೋಮನು ೧೮೮೯ರಲ್ಲಿ ಪ್ರಕಟಿಸಿದ ‘ಥ್ರೀ ಮೆನ್ ಇನ್ ಎ ಬೋಟ್’ ಕಾದಂಬರಿಯ ಆರಂಭವನ್ನು ಓದಿದವರಿಗೆ ನೆನಪಿರಬಹುದು: ಕಥಾನಾಯಕನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವೈದ್ಯಗ್ರಂಥವನ್ನು ತೆರೆದು, ಒಂದು ರೋಗವನ್ನುಳಿದು ಮಿಕ್ಕೆಲ್ಲ ರೋಗಗಳೂ ತನಗಿವೆಯೆಂದು ಖಚಿತಮಾಡಿಕೊಂಡು ಹೊರಬರುತ್ತಾನೆ. ಅದನ್ನು ಓದಿ ನಗುವವರಲ್ಲಿ ವೈದ್ಯವಿದ್ಯಾರ್ಥಿಗಳೂ ಸೇರಿದ್ದಾರೆ. ಪಾಠದಲ್ಲಿ ಬಂದ ರೋಗವೆಲ್ಲ ತಮ್ಮಲ್ಲಿದೆಯೆಂದು ಭ್ರಮಿಸುವುದು ಅವರಲ್ಲಿ ಸಾಮಾನ್ಯ.

ವೈದ್ಯರ ಸಂದೇಹಕ್ಕೂ ಆಧಾರವಿದೆ. ಗೊರಸಿನ ಸದ್ದು ಕೇಳಿದರೆ ಕುದುರೆಯನ್ನು ನೆನೆ, ಪಟ್ಟೆಕುದುರೆಯನ್ನು ನೆನೆಯಬೇಡ ಎಂದು ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಹೇಳಿಕೊಡುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಬರುವುದು ಕುದುರೆಯೇ. ಯೂರೋಪಿನ ಒಕ್ಕೂಟದ ವ್ಯಾಖ್ಯೆಯಂತೆ ೨,೦೦೦ ಜನರಲ್ಲಿ ಒಬ್ಬರಿಗಿಂತ ಹೆಚ್ಚಿಗೆ ಇರದ ರೋಗವೇ ಅಪರೂಪದ ರೋಗ. ಹಲವು ರೋಗಗಳು ಲಕ್ಷದಲ್ಲಿ ಒಬ್ಬರಿಗೂ ಇರಲಾರವು. ಒಬ್ಬ ವೈದ್ಯನು ತನ್ನ ಆಯುಷ್ಯವೆಲ್ಲ ದುಡಿದರೂ ಅಂಥ ಒಂದು ರೋಗವನ್ನು ಕಣ್ಣಾರೆ ಕಾಣದಿರಬಹುದು. ಆದರೆ ಇಂಥ ರೋಗಗಳ ಬಗೆಗಳೇ ಆರೇಳು ಸಾವಿರ. ಎಲ್ಲವನ್ನೂ ಕೂಡಿಸಿದರೆ ರೋಗಿಗಳ ಸಂಖ್ಯೆ ಕೋಟಿಗಳನ್ನು ದಾಟುತ್ತದೆ.

ಜಿಲ್ ವೈಲ್ಸ್ ಮತ್ತು ಜೆರೋಮನ ನಾಯಕ ಇವರ ನಡುವಣ ಅಂತರವೇನು? ಇಬ್ಬರೂ ಪುಸ್ತ್ತಕವನ್ನು ತೆರೆದವರೇ. ನಾಯಕನು ಪುಸ್ತಕದಿಂದ ಹೊರಟು ತನ್ನ ಮೈಗೆ ಬಂದನು. ಪುಟದಲ್ಲಿದ್ದುದೆಲ್ಲ ಮೈಯಲ್ಲಿ ಕಂಡಿತು. ಜಿಲ್ ಮೈಯಿಂದ ಹೊರಟು ಪುಸ್ತಕಕ್ಕೆ ಹೋದಳು. ತಂದೆಯ ಮೊಳಕೈ, ಸೋದರನ ರಕ್ತ, ತನ್ನ ನರ, ಇವುಗಳಿಗೆ ಹೊಂದುವ ಪುಟವನ್ನಷ್ಟೇ ಅರಸಿದಳು. ದೊರೆತುದನ್ನು ತನ್ನಲ್ಲಿಯೇ ಇಟ್ಟುಕೊಂಡು ಕೂರದೆ ಹೃದ್ರೋಗತಜ್ಞರ ಯಂತ್ರಕ್ಕೆ, ಇಟಲಿಯ ಪ್ರಯೋಗಶಾಲೆಗೆ, ಡಲ್ಲಾಸಿನ ತಜ್ಞರಿಗೆ ಒಪ್ಪಿಸಿದಳು. ಪರೀಕ್ಷೆಗೆ ಒಡ್ಡಿಕೊಂಡ ಊಹೆ ವಿಜ್ಞಾನ. ಒಡ್ಡಿಕೊಳ್ಳದ ಊಹೆ ಹಟ.

ವಂಶವಾಹಿಗಳನ್ನು ಓದುವ ಯಂತ್ರಗಳು ಬಂದಮೇಲೆ ರೋಗಿಯ ಮಾತಿನ ಅಗತ್ಯವಿನ್ನೇನೆಂದು ಕೇಳಬಹುದು. ಮಾನವನ ಡಿ.ಎನ್.ಎ.ಯನ್ನು ಓದುವ ಮಹಾಯೋಜನೆ ೧೯೯೦ರಲ್ಲಿ ಮೊದಲಾಗಿ ೨೦೦೩ರಲ್ಲಿ ಮುಗಿಯಿತು; ಆಗ ಹದಿಮೂರು ವರ್ಷ ಹಿಡಿದ ಕೆಲಸ ಈಗ ಕೆಲವೇ ದಿನಗಳಲ್ಲಿ ಆಗುತ್ತದೆ. ಆದರೆ ಯಾರ ಪ್ರತಿಯನ್ನು ಓದಿದರೂ ಮಾದರಿಯ ಪ್ರತಿಗಿಂತ ನಲವತ್ತು ಐವತ್ತು ಲಕ್ಷ ಸ್ಥಾನಗಳಲ್ಲಿ ಪಾಠಾಂತರಗಳು ಸಿಗುತ್ತವೆ. ಅವುಗಳಲ್ಲಿ ಬಹುತೇಕ ನಿರುಪದ್ರವಿಗಳು. ಕೆಲವುಗಳ ಅರ್ಥವೇನೆಂದು ಪ್ರಯೋಗಶಾಲೆಗಳೂ ನಿರ್ಣಯಿಸಲಾರದೆ ‘ಅನಿಶ್ಚಿತ’ವೆಂದು ಬರೆದು ಬಿಡುತ್ತವೆ. ಐವತ್ತು ಲಕ್ಷ ಪಾಠಾಂತರಗಳಲ್ಲಿ ಎಲ್ಲಿ ಕಣ್ಣು ನಿಲ್ಲಿಸಬೇಕೆಂಬುದನ್ನು ತಿಳಿಸುವುದು ರೋಗಿಯ ಲಕ್ಷಣಗಳ ಸೂಕ್ಷ್ಮವಾದ ವರ್ಣನೆ ಮತ್ತು ಅವನ ಮನೆತನದ ಇತಿಹಾಸ. ಆ ವರ್ಣನೆಯನ್ನು ಅವನಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ತಿಳಿಯುವುದೆಲ್ಲವೂ ಸುಖಕ್ಕೇ ಎಂದೇನೂ ಇಲ್ಲ. ಹಂಟಿಂಗ್‌ಟನ್ ರೋಗದಿಂದ ತಾಯಿಯನ್ನು ಕಳೆದುಕೊಂಡ ನ್ಯಾನ್ಸಿ ವೆಕ್ಸ್‌ಲರ್ ವೆನೆಜುವೆಲದ ಮರಾಕೈಬೊ ಸರೋವರದ ತೀರದ ಕುಟುಂಬಗಳ ನಡುವೆ ವರ್ಷ ವರ್ಷವೂ ಹೋಗಿ ದುಡಿದರು. ಅವರ ದುಡಿಮೆಯ ಫಲವಾಗಿ ೧೯೯೩ರಲ್ಲಿ ಆ ರೋಗದ ವಂಶವಾಹಿ ಪತ್ತೆಯಾಯಿತು. ಲೋಕಕ್ಕೆಲ್ಲ ಆ ಪರೀಕ್ಷೆಯನ್ನು ಒದಗಿಸಿಕೊಟ್ಟ ಅವರು ತಮ್ಮ ವಿಷಯವನ್ನು ಬಹುಕಾಲ ಬಹಿರಂಗಪಡಿಸಲಿಲ್ಲ. ತಮಗೂ ಆ ರೋಗವಿದೆಯೆಂದು ೨೦೨೦ರಲ್ಲಿ ತಿಳಿಸಿದರು. ಮದ್ದಿಲ್ಲದ ರೋಗದ ಹೆಸರನ್ನು ಅರಿಯುವುದೂ ಅರಿಯದಿರುವುದೂ ರೋಗಿಯ ಹಕ್ಕೆಂಬುದನ್ನು ಇಲ್ಲಿ ಮರೆಯಲಾಗದು.

ನಮ್ಮ ನಾಡಿನಲ್ಲಿ

ಇನ್ನು ನಮ್ಮ ಕಡೆಗೆ ತಿರುಗೋಣ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಒಂದು ರೋಗಕ್ಕೆ ತನ್ನ ಹೆಸರನ್ನು ಕೊಟ್ಟ ಊರು. ೧೯೭೦ರ ದಶಕದಲ್ಲಿ ಅಲ್ಲಿಯ ಬಡ ಕುಟುಂಬಗಳಲ್ಲಿ ಸೊಂಟ ಮೊಣಕಾಲುಗಳ ಕೀಲುಗಳು ಸವೆದು, ನಡೆಯಲಾರದೆ ಕೂತವರ ವಾರ್ತೆ ಬೆಳಕಿಗೆ ಬಂತು. ಗದ್ದೆಗೆ ಹಾಕಿದ ಕೀಟನಾಶಕವೂ ಆ ಗದ್ದೆಯ ಏಡಿಯ ಊಟವೂ ಇದಕ್ಕೆ ಕಾರಣವೆಂದು ಮೊದಲಿಗೆ ಶಂಕೆಯಿತ್ತು. ಮುಂದೆ ತಜ್ಞರು ವಂಶಾವಳಿಗಳನ್ನು ಬರೆದುಕೊಂಡು, ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ರೋಗವೆಂದು ಕಂಡುಕೊಂಡರು. ಅಜ್ಜನಿಗೆ ಇತ್ತು, ಅಪ್ಪನಿಗೆ ಬಂತು, ನನಗೂ ಬಂತು ಎಂದು ಹೇಳಬಲ್ಲ ನೆನಪು ಆ ಮನೆಗಳಲ್ಲೇ ಇತ್ತು. ಗ್ರಂಥಾಲಯ ಮಾತ್ರ ಇರಲಿಲ್ಲ.

ವಂಶದ ನೆನಪಿಗೆ ನಮ್ಮಲ್ಲಿ ಕೊರತೆಯಿಲ್ಲ. ಮನೆಮನೆಗೆ ಬಂದು ಮನೆತನದ ತಲೆಮಾರುಗಳನ್ನು ಒಪ್ಪಿಸುವ ಹೆಳವರ ಪರಂಪರೆ ಕರ್ನಾಟಕದಲ್ಲಿ ಇದೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ಈ ನಾಡಿನಲ್ಲಿ, ತಂದೆತಾಯಿಗಳಿಬ್ಬರೂ ಒಂದೇ ಅಕ್ಷರದೋಷವನ್ನು ಅರಿಯದೆ ಹೊತ್ತಿದ್ದು ಮಗುವಿಗೆ ಎರಡೂ ಪ್ರತಿಗಳಲ್ಲಿ ಅದನ್ನು ದಾಟಿಸುವ ಸಂಭವ ಹೆಚ್ಚು. ಯಾವ ಮನೆಯಲ್ಲಿ ಎಷ್ಟು ಕೂಸು ಉಳಿಯಲಿಲ್ಲ, ಯಾರ ಕಾಲು ಯಾವ ವಯಸ್ಸಿನಲ್ಲಿ ಸೋತಿತು ಎಂಬುದನ್ನು ಅಜ್ಜಿಯರು ಬಲ್ಲರು. ವಂಶವಾಹಿತಜ್ಞರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅವರಲ್ಲಿದೆ. ಆದರೆ ಅಜ್ಜಿಯ ಮಾತನ್ನು ರೋಗದ ಚೀಟಿಯಲ್ಲಿ ಬರೆದುಕೊಳ್ಳುವವರು ಎಷ್ಟು ಜನ?

ಭಾರತ ಸರ್ಕಾರ ೨೦೨೧ರಲ್ಲಿ ಅಪರೂಪದ ರೋಗಗಳಿಗೆಂದು ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಅದರನ್ವಯ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಂಸ್ಥೆಯೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಸೇರಿ ಅದನ್ನು ನಡೆಸುತ್ತವೆ. ೨೦೨೨ರಲ್ಲಿ ಒಬ್ಬ ರೋಗಿಗೆ ದೊರೆಯುವ ನೆರವಿನ ಮಿತಿಯನ್ನು ೫೦ ಲಕ್ಷ ರೂಪಾಯಿಗಳಿಗೆ ಏರಿಸಿದರು. ಒಳ್ಳೆಯದೇ. ಆದರೆ ಆ ನೆರವಿನ ಬಾಗಿಲನ್ನು ತಟ್ಟಬೇಕಾದರೆ ಮೊದಲು ರೋಗಕ್ಕೊಂದು ಹೆಸರು ಬೇಕು. ಹೆಸರಿಲ್ಲದ ರೋಗಿ ಯಾವ ಸಾಲಿನಲ್ಲಿಯೂ ನಿಲ್ಲಲಾರನು.

ಇಲ್ಲಿ ಭಾಷೆಯ ಪ್ರಶ್ನೆಯೂ ಬರುತ್ತದೆ. ಜಿಲ್‌ಗೆ ಗ್ರಂಥಾಲಯದ ಪ್ರಬಂಧ ಅವಳ ತಾಯ್ನುಡಿಯಲ್ಲಿಯೇ ದೊರೆಯಿತು. ಸಾಗರದ ಇಲ್ಲವೆ ಸುರಪುರದ ಹುಡುಗಿಗೆ? ಅವಳ ಕೈಗೆ ಬರುವ ಪ್ರಯೋಗಶಾಲೆಯ ವರದಿ ಇಂಗ್ಲಿಷಿನಲ್ಲಿದೆ. ಅದನ್ನು ವಿವರಿಸುವ ಕನ್ನಡ ಪುಸ್ತಕ ಅಂಗಡಿಯಲ್ಲಿ ಸುಲಭವಾಗಿ ಸಿಗದು. ಹಿಂದೆ ಸ್ಥಿತಿ ಹೀಗಿರಲಿಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲಿಯೇ ರಚಿಸಿದರು. ಹಾವು ಕಚ್ಚಿದವನ ಮನೆಯವರು ಸಂಸ್ಕೃತವನ್ನು ಕಲಿತು ಬರುವವರೆಗೆ ವಿಷ ಕಾಯದೆಂಬುದು ಆ ಕವಿಗಳಿಗೆ ತಿಳಿದಿದ್ದಿರಬೇಕು. ವೈದ್ಯವಿಜ್ಞಾನ ಬಲ್ಲವರೂ ಕನ್ನಡ ಬಲ್ಲವರೂ ಒಂದೆಡೆ ಕುಳಿತು ಮಾಡಬೇಕಾದ ಈ ಕೆಲಸವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಕೈಗೆತ್ತಿಕೊಂಡರೆ, ಕಾಲೇಜಿನ ಕನ್ನಡ ವಿಭಾಗಗಳಿಗೂ ಅದರಲ್ಲಿ ಪಾಲುಂಟು.

ಪುಸ್ತಕ ಬಂದಾಗ ಬರಲಿ. ಅದಕ್ಕೆ ಮೊದಲು ಆಗಬೇಕಾದ ಒಂದು ಕೆಲಸಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ರೋಗಿ ತನ್ನ ಮೈಯನ್ನು ಕುರಿತು ಬರೆದು ತಂದ ನಾಲ್ಕು ಸಾಲುಗಳನ್ನು ವೈದ್ಯರು ಒಮ್ಮೆ ಓದಬೇಕು. ಅದರಲ್ಲಿ ತಪ್ಪಿರಬಹುದು, ಭಯವಿರಬಹುದು, ಪುನರುಕ್ತಿಯಿರಬಹುದು. ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವನು ಹಳ್ಳಿಯ ಮನೆಯ ಅಟ್ಟದಲ್ಲಿ ದೊರೆತ ಹುಳು ತಿಂದ ಓಲೆಯನ್ನೂ ಬಿಚ್ಚಿ ನೋಡದೆ ಬದಿಗಿಡುವುದಿಲ್ಲ. ಎಲ್ಲ ಪ್ರತಿಗಳಲ್ಲಿಯೂ ಕೆಟ್ಟುಹೋದ ಪದ್ಯದ ಸರಿಯಾದ ಪಾಠ ಎಷ್ಟೋ ಸಲ ಅಂಥ ಓಲೆಯಲ್ಲಿಯೇ ಉಳಿದಿರುತ್ತದೆ.